ಅರವತ್ತನಾಲ್ಕು ತೂತಿನ ಪ್ಲೇಟು

ಪುಣೆಯ ಚಿಂಚವಾಡದ ರೂಮಿನಲ್ಲಿ ರಾತ್ರಿ ಕೂತು ಬರೆದ ರೇ ಟ್ರೇಸರ್ ಇದು, ಅಂದರೆ ಪ್ರತಿ ಪಿಕ್ಸೆಲ್‌ಗೂ ಒಂದು ಕಿರಣ ಬಿಟ್ಟು, ಅದು ಎಲ್ಲಿ ತಾಗುತ್ತೆ ಅಂತ ಲೆಕ್ಕ ಹಾಕಿ ಚಿತ್ರ ಬರೆಯುವ ಪ್ರೋಗ್ರಾಂ. ಮಾಡೆಲ್ ಒಂದು ದಪ್ಪ ಪ್ಲೇಟು, ಅದರಲ್ಲಿ ಸಾಲಿಗೆ ಎಂಟರಂತೆ 64 ತೂತು. ಚಿತ್ರ ಬರುವಷ್ಟರಲ್ಲಿ ನನ್ನ ಊಟ ಮುಗಿದು ಪಾತ್ರೆ ತೊಳೆದೂ ಆಗುತ್ತಿತ್ತು. "ಯಾಕಲೇ, ಇನ್ನೂ ಮುಗದಿಲ್ಲೇನ?" ಅಂತ ಹುಬ್ಬಳ್ಳಿಯ ರೂಮ್‌ಮೇಟ್ ದಿನಾ ಕೆಣಕುತ್ತಿದ್ದ. ಅವನು ಭೋಸರಿಯಲ್ಲಿ ಡ್ರಿಲ್ಲಿಂಗ್ ಮಷಿನ್ ಮೇಲೆ ನಿಲ್ಲುವವನು.

ಮೈಯನ್ನು ತ್ರಿಕೋನಗಳಿಂದ ಹೆಣೆದ ಮಾಡೆಲ್ ಆದರೆ ಕಿರಣ ಮೊದಲು ಎಲ್ಲಿ ತಾಗಿತು ಅಂತ ಗೊತ್ತಾದರೆ ಸಾಕು. ಗಟ್ಟಿ ಆಕಾರಗಳನ್ನು ಕೂಡಿಸಿ, ಕಳೆದು ಮಾಡುವ ಸಾಲಿಡ್ ಮಾಡೆಲ್‌ನಲ್ಲಿ ಹಾಗಲ್ಲ. ಪ್ಲೇಟಿನಿಂದ ಸಿಲಿಂಡರ್ ಕಳೆದರೆ ತೂತು. ಅದಕ್ಕೇ ಕಿರಣ ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಿತ್ತು ಎರಡೂ ಬೇಕು. ಕಿರಣ ಹೊರಟಲ್ಲಿಂದ ಅಳೆದರೆ ಪ್ಲೇಟಿನಲ್ಲಿ 10ರಿಂದ 12, ಸಿಲಿಂಡರ್‌ನಲ್ಲಿ 9ರಿಂದ 13 ಅಂದರೆ ಉಳಿಯುವುದು ಏನೂ ಇಲ್ಲ, ಕಿರಣ ತೂತಿನಿಂದ ಆಚೆ. 1982ರಲ್ಲಿ ಸ್ಕಾಟ್ ರಾತ್ ಎಂಬ ಸಂಶೋಧಕ ಬರೆದಿಟ್ಟ ದಾರಿಯೇ ಇದು.

ಮೊದಲು ತಡ ಆಗುವುದು ಅಲ್ಲೇ ಅಂದುಕೊಂಡು, ಕಿರಣ ಸಿಲಿಂಡರ್‌ಗೆ ತಾಗುವ ಜಾಗ ಹುಡುಕುವ ವರ್ಗಮೂಲದ ಲೆಕ್ಕ ತಿದ್ದುತ್ತಾ ಸುಮ್ನೆ ಎರಡು ದಿನ ಕಳೆದೆ. ಆಮೇಲೆ ಪರೀಕ್ಷೆಗಳನ್ನು ಎಣಿಸಲು ಒಂದು ಕೌಂಟರ್ ಹಾಕಿ ನೋಡಿದರೆ, ಪ್ಲೇಟಿನ ಅಂಚಿನಾಚೆಗಿನ ಖಾಲಿ ಪಿಕ್ಸೆಲ್ ಕೂಡ 64 ಸಿಲಿಂಡರ್‌ಗಳನ್ನೂ ವಿಚಾರಿಸುತ್ತಿತ್ತು! ತಪ್ಪು ನನ್ನದೇ. ವಸ್ತುವಿನ ಸುತ್ತ ಒಂದು ಪೆಟ್ಟಿಗೆ, ಅಂದರೆ ಬೌಂಡಿಂಗ್ ಬಾಕ್ಸ್, ಇಟ್ಟರೆ ಅದಕ್ಕೆ ತಾಗದ ಕಿರಣಕ್ಕೆ ಒಳಗಿನದನ್ನು ಪರೀಕ್ಷಿಸಬೇಕಿಲ್ಲ. ನಾನು ಕಳೆಯುವಾಗಲೂ ಎರಡರ ಬಾಕ್ಸ್ ಕೂಡಿಸಿಬಿಟ್ಟಿದ್ದೆ. ತೂತಿನ ಬಾಯಲ್ಲಿ ಚುಕ್ಕಿ ಚುಕ್ಕಿ ಬರದಿರಲಿ ಅಂತ ಸಿಲಿಂಡರ್‌ಗಳನ್ನು ಎರಡೂ ಕಡೆ ಉದ್ದ ಬಿಟ್ಟಿದ್ದೆ, ಅದರಿಂದ ಬಾಕ್ಸ್ ಇನ್ನೂ ಊದಿತ್ತು. ಕಳೆದರೆ ವಸ್ತು ದೊಡ್ಡದಾಗಲ್ಲ, ಅಲ್ವಾ? ಪ್ಲೇಟಿನ ಬಾಕ್ಸೇ ಸಾಕು. ಕಿರಣ ಅದಕ್ಕೆ ತಾಗದಿದ್ದರೆ ತೂತುಗಳ ಕಡೆ ತಿರುಗಿಯೂ ನೋಡಬೇಕಿಲ್ಲ.

ಆದರೂ ಪ್ಲೇಟಿಗೆ ತಾಗಿದ ಕಿರಣಕ್ಕೆ 64 ಪರೀಕ್ಷೆ ತಪ್ಪಲಿಲ್ಲ. ಒಂದು ತೂತು ಕಳೆ, ಇನ್ನೊಂದು ಕಳೆ ಅಂತ ಟ್ರೀ (ಯಾವುದರಿಂದ ಯಾವುದನ್ನು ಕಳೆಯಬೇಕು ಅಂತ ಹೇಳುವ ಕವಲುಪಟ್ಟಿ) ರೈಲಿನ ಡಬ್ಬಿಗಳ ಹಾಗೆ ಉದ್ದಕ್ಕೆ ಬೆಳೆದಿತ್ತು. ಅದನ್ನು ಬಿಚ್ಚಿ, ಮೊದಲು ತೂತುಗಳನ್ನೆಲ್ಲ ಒಟ್ಟು ಮಾಡಿ ಆಮೇಲೆ ಒಂದೇ ಸಲ ಕಳೆದೆ. ಪಕ್ಕಪಕ್ಕದವನ್ನು ಜೋಡಿ ಮಾಡುತ್ತಾ 32, 16, 8 ಅಂತ ಇಳಿಸಿ, ಪ್ರತಿ ಜೋಡಿಗೂ ಒಂದು ಬಾಕ್ಸ್ ಕೊಟ್ಟೆ. ನೇರ ಬಂದ ಕಿರಣಕ್ಕೆ ಈಗ ಆರು ಮೆಟ್ಟಿಲು, ಕೊನೆಗೆ ಹೆಚ್ಚೆಂದರೆ ಒಂದೆರಡು ಸಿಲಿಂಡರ್. ಓರೆ ಕಿರಣಕ್ಕೆ ಸ್ವಲ್ಪ ಜಾಸ್ತಿ. ಚಹಾ ಸೋಸುವಷ್ಟರಲ್ಲಿ ಚಿತ್ರ ಬಂತು.

ಮುಂದಿನಿಂದ ನೋಡಿದಾಗ ಮಾತ್ರ ಕೂದಲೆಳೆಯಂಥ ಕಪ್ಪು ಗೆರೆ. "ನಿನ್ನ ಪ್ಲೇಟ್ ಬಿರುಕು ಬಿಟ್ಟೈತಿ" ಅಂದ ರೂಮ್‌ಮೇಟ್. ಕಿರಣ ಸರಿಯಾಗಿ ಬಾಕ್ಸಿನ ಗೋಡೆಯ ಮೇಲೇ ಹರಿದಾಗ ಬಾಕ್ಸ್ ಪರೀಕ್ಷೆಯ ಲೆಕ್ಕದಲ್ಲಿ ಸೊನ್ನೆಯನ್ನು ಅನಂತದಿಂದ ಗುಣಿಸಿ ನ್ಯಾನ್ (ಸಂಖ್ಯೆಯೇ ಅಲ್ಲದ ಉತ್ತರ) ಬರುತ್ತಿತ್ತು. ಗೋಡೆಗೆ ಸಮಾನಾಂತರ ಇರುವ ಕಿರಣಕ್ಕೆ ಗುಣಾಕಾರ ಬಿಟ್ಟು, ಎರಡು ಗೋಡೆಗಳ ನಡುವೆ ಇದೆಯಾ ಅಂತಷ್ಟೇ ನೋಡಿದೆ. ಬಿರುಕು ಹೋಯಿತು.