ಮರ ಎಣಿಸೋದು ಬಿಟ್ಟು ನೆಲ ನೋಡಿದೆ: ಎರಡು ಹಳ್ಳಗಳ ನನ್ನ ಅನುಭವ

ಕಾಡಿನ ಎರಡು ಹಳ್ಳಗಳಲ್ಲಿ ಮಳೆಗೆ ಎಷ್ಟು ನೀರು ಬರುತ್ತದೆ ಎನ್ನುವ ಲೆಕ್ಕ ಕೊನೆಗೂ ಕೂಡಿ ಬಂತು. ದಿಮ್ಮಿ ಎಳೆದ ಹಳೇ ದಾರಿಗಳಿಗೆ ಅಡ್ಡ ಚರಂಡಿ ತೋಡಿದ ಹಳ್ಳದಲ್ಲಿ, ಸಾಧಾರಣ ಮಳೆಗೆ ಬರುವ ಗರಿಷ್ಠ ಹರಿವು ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಗ್ಗಿದೆ. ಒಂದು ಸಸಿಯನ್ನೂ ನೆಟ್ಟಿಲ್ಲ. "ಮರ ನೆಡದೆ ನೆರೆ ತಗ್ಗುತ್ತಾ?" ಎಂದು ಕೇಳಿದವರೇ ಜಾಸ್ತಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಉಪಗ್ರಹ ಚಿತ್ರದಲ್ಲಿ ಎರಡೂ ಹಳ್ಳದ ಕಾಡು ಒಂದೇ ಹಸಿರು. ಒಳಗೆ ಕಾಲಿಟ್ಟರೆ ಕಥೆಯೇ ಬೇರೆ. ಒಂದರಲ್ಲಿ ಪಾದ ಮುಳುಗುವಷ್ಟು ತರಗೆಲೆ. ಇನ್ನೊಂದರಲ್ಲಿ ಎಲ್ಲೆಲ್ಲೂ ದಾರಿ, ತುಳಿದು ಗಟ್ಟಿಯಾದ ಮಣ್ಣು. ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಎಂದು ಅಂದಾಜಿಸುವ ಅಂಕಿಗೆ ಕರ್ವ್ ನಂಬರ್ ಅಂತಾರೆ, ಅಂಕಿ ಜಾಸ್ತಿ ಇದ್ದಷ್ಟು ಹರಿವು ಜಾಸ್ತಿ. ಅದರ ಪಟ್ಟಿಯಲ್ಲೇ ಈ ವ್ಯತ್ಯಾಸ ಇದೆ, ಆದರೆ 'ಕಾಡು' ಎಂದು ಒಂದೇ ಅಂಕಿ ಹಾಕಿ ಮುಂದೆ ಹೋಗುತ್ತಾರೆ. ಬಿ ಗುಂಪಿನ, ಅಂದರೆ ನೀರು ಸಾಧಾರಣವಾಗಿ ಇಂಗುವ ಮಣ್ಣಿನಲ್ಲಿ ಒಳ್ಳೆಯ ಕಾಡಿಗೆ 55, ಕೆಟ್ಟುಹೋದ ಕಾಡಿಗೆ 66. 100 ಮಿ.ಮೀ. ಮಳೆ ಹಾಕಿ ನೋಡಿ. ಮೊದಲನೆಯದರಿಂದ 13 ಮಿ.ಮೀ. ಹರಿದು ಬರುತ್ತದೆ, ಎರಡನೆಯದರಿಂದ 27. ಎರಡೂ ಕಾಡೇ ಅಲ್ವಾ?

ಇದನ್ನು ನೆಲದ ಮೇಲೆ ತೋರಿಸೋಕೆ ಜೋಡಿ ಹಳ್ಳದ ಪದ್ಧತಿಯೇ ಬೇಕಿತ್ತು. ಅಮೆರಿಕದ ವ್ಯಾಗನ್ ವೀಲ್ ಗ್ಯಾಪ್‌ನಲ್ಲಿ 1910ರಲ್ಲೇ ಹೀಗೆ ಅಳೆಯೋಕೆ ಶುರು ಮಾಡಿದ್ದರು. ಕಂಪ್ಯೂಟರ್‌ನಲ್ಲಿ ಮಾಡೆಲ್ ಓಡಿಸುವವರಿಗೆ ಇದು ಹಳೇ ಕಾಲದ್ದು ಅನ್ನಿಸುತ್ತದೆ. ಮೊದಲು ಎರಡನ್ನೂ ಮುಟ್ಟದೆ ಅಳೆಯಬೇಕು, ಆಮೇಲೆ ಒಂದಕ್ಕೆ ಮಾತ್ರ ಕೈ ಹಾಕಬೇಕು. ಆ ಕಾಯುವ ಕಾಲಕ್ಕೆ ದುಡ್ಡು ಕೊಡುವವರೇ ಇಲ್ಲ. ಕೆಲಸ ಕಣ್ಣಿಗೆ ಕಾಣ್ತಿಲ್ಲ ಎಂದು ಒಂದು ಕಡೆಯಿಂದ ಬರಬೇಕಿದ್ದ ಹಣ ನಿಂತೇ ಹೋಯಿತು. ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಎರಡು ವಿ-ನಾಚ್ ಕಟ್ಟೆಗಳೇ (ವಿ ಆಕಾರದ ಕಂಡಿಯಲ್ಲಿ ನೀರು ಹಾಯಿಸಿ ಹರಿವು ಅಳೆಯುವ ಕಟ್ಟೆ) ನುಂಗಿದವು. ಅದರಲ್ಲೂ ಒಂದನ್ನು ಮೊದಲ ದೊಡ್ಡ ಮಳೆಯೇ ಪಕ್ಕದಿಂದ ಕೊರೆದು ಹಾಕಿತು. ಗೋಡೆಯನ್ನು ದಂಡೆಯೊಳಗೆ ಇನ್ನೂ ಆಳಕ್ಕೆ ಒಯ್ದು ಮತ್ತೆ ಕಟ್ಟಿಸಿದೆ.

ಇನ್ನೊಂದರಲ್ಲಿ ನಾಚ್‌ಗೆ ತರಗೆಲೆ ಸಿಕ್ಕಿಕೊಂಡು ಮಟ್ಟ ಸುಮ್ನೆ ಏರುತ್ತಿತ್ತು. ಇಂಥ ಕಂಡಿಯಲ್ಲಿ ಹರಿವು ನೀರಿನ ಎತ್ತರದ ಎರಡೂವರೆ ಘಾತಕ್ಕೆ ಏರುತ್ತದೆ, ಅಂದರೆ ಮಟ್ಟಕ್ಕಿಂತ ತುಂಬಾ ಜೋರಾಗಿ. ಮಟ್ಟ ಶೇ. 10ರಷ್ಟು ಜಾಸ್ತಿ ತೋರಿಸಿದರೆ ಹರಿವಿನ ಲೆಕ್ಕ ಶೇ. 27ರಷ್ಟು ಕೆಡುತ್ತದೆ. ಜಾಲರಿ ಇಟ್ಟರೆ ಜಾಲರಿಯೇ ಕಟ್ಟಿಕೊಳ್ಳುತ್ತಿತ್ತು. ಅದನ್ನು ಎಷ್ಟು ದೂರದಲ್ಲಿ, ಯಾವ ಓರೆಯಲ್ಲಿ ಇಡಬೇಕು ಎನ್ನುವುದನ್ನು ಕೊನೆಗೆ ಕಂಡುಕೊಂಡೆ. ಆ ಓರೆ ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಸಂಪಾದನೆ. ಕಟ್ಟೆಯೇ ಮುಳುಗುವ ನೆರೆಯಲ್ಲಿ ಉಪ್ಪನ್ನು ನಂಬಿದೆ. ಮೇಲ್ಗಡೆ ಉಪ್ಪುನೀರು ಸುರಿದು ಕೆಳಗಡೆ ವಾಹಕತೆ ಮೀಟರ್ ಹಿಡಿಯುವುದು, ಉಪ್ಪು ಎಷ್ಟು ತೆಳುವಾಯಿತು ಎನ್ನುವುದರಿಂದ ಹರಿವು ಸಿಗುತ್ತದೆ. ದುಬಾರಿ ಸೆನ್ಸರ್ ಕೈಕೊಟ್ಟ ರಾತ್ರಿಗಳಲ್ಲಿ ಕೆಲಸ ಉಳಿಸಿದ್ದು ಇದೇ.

ನಡುವೆ ಎರಡು ಉಂಗುರದ ಇಂಗುಮಾಪಕ ಹೊತ್ತುಕೊಂಡು ಸುತ್ತಿದೆ. ತರಗೆಲೆ ಇರುವ ನೆಲ ಗಂಟೆಗೆ 100 ಮಿ.ಮೀ. ಮೀರಿ ಕುಡಿಯಿತು. ದಿಮ್ಮಿ ದಾರಿಯಲ್ಲಿ ಐದಾರು ಮಿ.ಮೀ. ಇಂಗಿದರೆ ಹೆಚ್ಚು. ಬೆಂಕಿ ಬಿದ್ದ ಒಂದು ತುಂಡು ಜಾಗವನ್ನೂ ಬಿಡಲಿಲ್ಲ. ಅಲ್ಲಿ ಬೂದಿ ಸರಿಸಿ ಮಣ್ಣಿನ ಮೇಲೆ ಹನಿ ಬಿಟ್ಟರೆ ಅದು ಗುಂಡಗೆ ನಿಂತೇ ಇರುತ್ತಿತ್ತು. ನೀರು ಹನಿ 5 ಸೆಕೆಂಡ್ ದಾಟಿ ನಿಂತರೆ ಮಣ್ಣು ನೀರನ್ನು ದೂರ ತಳ್ಳುತ್ತಿದೆ ಎಂದೇ ಅರ್ಥ. ಸುತ್ತಲಿನ ಮರಗಳೇನೋ ಚಿಗುರಿದ್ದವು!

ಆ ದಿಮ್ಮಿ ದಾರಿಗಳೇ ನೀರನ್ನು ನೇರ ಹಳ್ಳಕ್ಕೆ ಇಳಿಸುತ್ತಿದ್ದವು. ಹಾಗಾಗಿ ಅಡ್ಡ ಚರಂಡಿಯ ಬಾಯಿಯನ್ನು ಪ್ರತಿ ಸಲ ತರಗೆಲೆ ಇರುವ ನೆಲಕ್ಕೇ ತಿರುಗಿಸಿದೆ. ಇಳಿಜಾರು ಜಾಸ್ತಿ ಇದ್ದಲ್ಲಿ ಹತ್ತಿರ ಹತ್ತಿರ ತೋಡಬೇಕು. ಗುದ್ದಲಿ ಕೆಲಸ ಅಷ್ಟೇ, ಕಟ್ಟೆಗೆ ಆದ ಖರ್ಚಿನ ಕಾಲು ಭಾಗವೂ ಆಗಲಿಲ್ಲ.

ದೊಡ್ಡ ಮಳೆಯ ಮಾತು ಬೇರೆ. ದಿನಗಟ್ಟಲೆ ಸುರಿದು ಮಣ್ಣು ತುಂಬಿದ ಮೇಲೆ ಎರಡೂ ಹಳ್ಳ ಹೆಚ್ಚುಕಡಿಮೆ ಒಂದೇ ಥರ ಉಕ್ಕಿದವು. ಕರ್ವ್ ನಂಬರ್ ಕೂಡ ಅದನ್ನೇ ಹೇಳುತ್ತದೆ. 300 ಮಿ.ಮೀ. ಮಳೆಗೆ 143 ಮತ್ತು 185, ಎರಡು ಪಟ್ಟಿನ ಅಂತರ ಅಲ್ಲಿ ಉಳಿಯಲ್ಲ. ಕಾಡಿದ್ದರೆ ಮಹಾ ನೆರೆಯೇ ಬರಲ್ಲ ಎನ್ನುವವರ ಜೊತೆ ನಾನಿಲ್ಲ.

ಇನ್ನೊಂದು ವಿಷಯ ಸಮಯ. ಹಳ್ಳದ ನೀರನ್ನು ತಡ ಮಾಡಿದರೆ ಅದು ದೊಡ್ಡ ಹೊಳೆಯ ನೆರೆ ತುದಿ ಮುಟ್ಟಿದ ಹೊತ್ತಿಗೇ ಹೋಗಿ ಸೇರಬಹುದು. ಜಲಾನಯನದ ಕೆಳಭಾಗದ ಹಳ್ಳಗಳ ನೀರು ಬೇಗ ಹೊರಟುಹೋದರೇ ಒಳ್ಳೆಯದು. ತಡೆಯಬೇಕಾದದ್ದು ಮೇಲ್ಭಾಗದಲ್ಲಿ. ಅದಕ್ಕೇ ಮುಂದಿನ ಜೋಡಿಯನ್ನು ಮೇಲ್ಭಾಗದಲ್ಲೇ ಹುಡುಕುತ್ತಿದ್ದೇನೆ, ನಾಚ್ ತಗಡು ಹಳೆಯದೇ ಸಾಕು.