ಇಮೇಲ್ ತಂತ್ರಾಂಶ ಬದಲಿಸುವ ಮೊದಲು ಹಳೆಯ ಪತ್ರಗಳನ್ನು ಉಳಿಸಿಕೊಳ್ಳುವ ಕ್ರಮ

ದಾವಣಗೆರೆಯ ದಲಾಲಿ ಅಂಗಡಿಗಳಲ್ಲಿ, ಆಡಿಟರ್ ಕಚೇರಿಗಳಲ್ಲಿ ಹತ್ತು ಹದಿನೈದು ವರ್ಷಗಳ ಇಮೇಲ್‌ಗಳು ಒಂದೇ ಕಂಪ್ಯೂಟರಿನಲ್ಲಿ ಉಳಿದಿರುವುದು ಅಪರೂಪವೇನಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತ ಮೇಲೆ ಹಲವರು ಕಂಪ್ಯೂಟರ್ ಮತ್ತು ತಂತ್ರಾಂಶ ಎರಡನ್ನೂ ಬದಲಿಸುತ್ತಿದ್ದಾರೆ. ಪತ್ರಗಳನ್ನು ತರಿಸಿಕೊಳ್ಳಲು ಐಮ್ಯಾಪ್, ಪಾಪ್ ಎಂಬ ಎರಡು ವಿಧಾನಗಳಿವೆ. ಐಮ್ಯಾಪ್ ಖಾತೆಯ ಪತ್ರಗಳು ಸರ್ವರ್‌ನಲ್ಲಿಯೂ, ಅಂದರೆ ಇಮೇಲ್ ಸೇವೆಯವರ ಕಂಪ್ಯೂಟರಿನಲ್ಲಿಯೂ, ಇರುತ್ತವೆ. ಆದರೆ ಪಾಪ್ ವಿಧಾನದಲ್ಲಿ ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿದ ಪತ್ರಗಳಿಗೂ, ‘ಲೋಕಲ್ ಫೋಲ್ಡರ್ಸ್’ಗೆ ಸರಿಸಿದ ಪತ್ರಗಳಿಗೂ ಆ ಹಾರ್ಡ್‌ಡಿಸ್ಕ್ ಬಿಟ್ಟರೆ ಬೇರೆ ನೆಲೆಯಿಲ್ಲ.

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಬಳಸುವವರು ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಿಂದ ಪ್ರೊಫೈಲ್ ಫೋಲ್ಡರನ್ನು, ಅಂದರೆ ಪತ್ರಗಳೂ ಸೆಟ್ಟಿಂಗ್‌ಗಳೂ ಇರುವ ಫೋಲ್ಡರನ್ನು, ತೆರೆಯಬಹುದು. ಅದರೊಳಗಿನ ‘ಮೇಲ್’ ಫೋಲ್ಡರಿನಲ್ಲಿ ಇನ್‌ಬಾಕ್ಸ್, ಸೆಂಟ್ ಎಂಬ ಹೆಸರಿನ, ಎಕ್ಸ್‌ಟೆನ್ಶನ್ ಇಲ್ಲದ ದೊಡ್ಡ ಕಡತಗಳು ಕಾಣುತ್ತವೆ. ಪತ್ರಗಳು ಒಂದರ ಕೆಳಗೊಂದರಂತೆ ಸೇರಿರುವುದು ಇವುಗಳಲ್ಲಿಯೇ. ಚಿಕ್ಕದೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಪತ್ರವೂ ‘ಫ್ರಮ್’ ಎಂಬ ಸಾಲಿನಿಂದ ಆರಂಭವಾಗುವುದನ್ನು ಕಣ್ಣಾರೆ ನೋಡಬಹುದು. ಪಕ್ಕದಲ್ಲಿರುವ ಎಂಎಸ್‌ಎಫ್ ಕಡತ ಸೂಚಿ ಮಾತ್ರ. ಅದು ಕೆಟ್ಟರೆ ತಂತ್ರಾಂಶವೇ ಮತ್ತೆ ಕಟ್ಟಿಕೊಳ್ಳುತ್ತದೆ. ವಿಳಾಸ ಪುಸ್ತಕ, ಫಿಲ್ಟರ್‌ಗಳು, ಪಾಸ್‌ವರ್ಡ್‌ಗಳು ಕೂಡ ಪ್ರೊಫೈಲ್‌ನಲ್ಲಿಯೇ ಇರುವುದರಿಂದ, ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ, ಇಡೀ ಫೋಲ್ಡರನ್ನೇ ಬೇರೆ ಡಿಸ್ಕಿಗೆ ನಕಲಿಸಬೇಕು. ಈ ನಕಲು ಅಪ್‌ಗ್ರೇಡ್‌ಗೆ ಮುಂಚೆಯೇ ಆಗಬೇಕು, ಏಕೆಂದರೆ ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯ ಆವೃತ್ತಿ ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ.

ಜಾಗ ಉಳಿಸಲು ಮೊದಲು ‘ಕಾಂಪ್ಯಾಕ್ಟ್’ ಮಾಡಿ, ಅಂದರೆ ಅಳಿಸಿದ ಪತ್ರಗಳು ಕಡತದಲ್ಲಿ ಹಿಡಿದಿರುವ ಜಾಗವನ್ನು ತೆರವುಗೊಳಿಸಿ, ಆಮೇಲೆ ನಕಲಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಕ್ರಮ. ಕಾಂಪ್ಯಾಕ್ಟ್ ಮಾಡುವಾಗ ಇಡೀ ಕಡತವನ್ನು ಹೊಸದಾಗಿ ಬರೆಯಲಾಗುತ್ತದೆ. ನಡುವೆ ಕರೆಂಟ್ ಹೋದರೆ ಪತ್ರಗಳಿಗೆ ಅಪಾಯ. ನಕಲು ಮೊದಲು, ಕಾಂಪ್ಯಾಕ್ಟ್ ನಂತರ, ಅದೂ ಯುಪಿಎಸ್ ಇರುವಾಗ.

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ನಾನೇ ಎಡವಿದ್ದೇನೆ. ಅಲ್ಲಿನ ಇನ್‌ಬಾಕ್ಸ್ ಕಡತ 5 ಜಿಬಿಯಷ್ಟಿತ್ತು. ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿತ್ತು. ಆ ವಿಧಾನದಲ್ಲಿ 4 ಜಿಬಿ ಮೀರಿದ ಒಂದು ಕಡತ ಹಿಡಿಯುವುದಿಲ್ಲ. ಪರದೆಯ ಮೇಲೆ ಬಂದ ಸೂಚನೆಯನ್ನು ಓದದೆ ‘ಸ್ಕಿಪ್’ ಒತ್ತಿದೆ. ಮಿಕ್ಕ ನೂರಾರು ಚಿಕ್ಕ ಕಡತಗಳೆಲ್ಲ ಹೋದವು, ಬೇಕಾಗಿದ್ದ ಒಂದೇ ಕಡತ ಹೋಗಲಿಲ್ಲ. ಹಳೆಯ ಕಂಪ್ಯೂಟರನ್ನು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲವಾದ್ದರಿಂದ ಪತ್ರಗಳು ಉಳಿದವು. ಅಂದಿನಿಂದ ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನೇ ಬಳಸುತ್ತೇನೆ. ನಕಲಿನ ನಂತರ ಎರಡೂ ಕಡೆಯ ಫೋಲ್ಡರ್‌ಗಳ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸುತ್ತೇನೆ. ಅಪ್‌ಗ್ರೇಡ್‌ಗೆ ಮೊದಲು ಪ್ರತಿ ಫೋಲ್ಡರಿನ ಪತ್ರಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಹೊಸ ಆವೃತ್ತಿಯಲ್ಲಿ ಅದೇ ಸಂಖ್ಯೆ ಬಂದಿದೆಯೇ, ಎಲ್ಲಕ್ಕಿಂತ ಹಳೆಯ ಪತ್ರದ ಲಗತ್ತು ತೆರೆಯುತ್ತದೆಯೇ ಎಂದು ನೋಡುವವರೆಗೆ ಹಳೆಯ ಡಿಸ್ಕನ್ನು ಯಾರೂ ಮುಟ್ಟಬಾರದು.

ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶವಾದ ಔಟ್‌ಲುಕ್ ಬಳಸುವವರಿಗೆ, ಪತ್ರಗಳನ್ನು ಕಂಪ್ಯೂಟರಿನಲ್ಲಿಯೇ ಇಟ್ಟುಕೊಳ್ಳುವ ಪಿಎಸ್‌ಟಿ ಕಡತವೇ ಮುಖ್ಯ. ಒಎಸ್‌ಟಿ ಎಂಬುದು ಸರ್ವರ್‌ನಲ್ಲಿರುವುದರ ನಕಲು, ಅದನ್ನು ಸಂಗ್ರಹವೆಂದು ನಂಬಬಾರದು. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ ಪಿಎಸ್‌ಟಿಗೆ 2 ಜಿಬಿ ಮಿತಿಯಿದೆ. ಆದ್ದರಿಂದ ಅದನ್ನು ಹಾಗೆಯೇ ಮುಂದುವರಿಸದೆ, 2003 ಅಥವಾ ನಂತರದ ಆವೃತ್ತಿಯಲ್ಲಿ ಹೊಸ ಪಿಎಸ್‌ಟಿ ತೆರೆದು ಪತ್ರಗಳನ್ನು ಅದಕ್ಕೆ ನಕಲಿಸುವುದು ಒಳ್ಳೆಯದು.

ಕನ್ನಡದಲ್ಲಿ ಬರೆದ ಹಳೆಯ ಪತ್ರಗಳಿಗೆ ಇನ್ನೊಂದು ಕೆಲಸ ಉಳಿಯುತ್ತದೆ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪತ್ರ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ಹಳೆಯ ವಿಂಡೋಸ್‌ನ ‘ಫಾಂಟ್ಸ್’ ಫೋಲ್ಡರಿನಿಂದ ಆ ಕಡತಗಳನ್ನೂ ಪತ್ರಗಳ ಜೊತೆಗೇ ನಕಲಿಸಿಕೊಂಡು, ಹೊಸ ಕಂಪ್ಯೂಟರಿನಲ್ಲಿ ಅಳವಡಿಸಿದರೆ ಅಕ್ಷರಗಳು ಮರಳಿ ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಬೇಕೆನಿಸಿದರೆ ಆ ಕೆಲಸವನ್ನು ಪತ್ರದ ಒಂದು ನಕಲಿನ ಮೇಲೆ ಮಾಡಿ, ಮೂಲ ಪತ್ರವನ್ನು ಇದ್ದ ಹಾಗೆಯೇ ಬಿಡಬೇಕು.