ಸ್ವಂತ ಕಂಪ್ಯೂಟರ್ ಜೋಡಿಸುವವರು ಗಮನಿಸಬೇಕಾದ ಕೆಲವು ಸಂಗತಿಗಳು

ಕಂಪ್ಯೂಟರನ್ನು ಸ್ವತಃ ಜೋಡಿಸುವಾಗ ಆಗುವ ಹಲವು ತಪ್ಪುಗಳು ಬಿಡಿಭಾಗಗಳನ್ನು ಆರಿಸುವ ಹಂತದಲ್ಲೇ ಆಗಿಬಿಟ್ಟಿರುತ್ತವೆ. ಪ್ರೊಸೆಸರ್ ಮದರ್‌ಬೋರ್ಡಿನ ಸಾಕೆಟ್‌ಗೆ ಹೊಂದಿದರಷ್ಟೇ ಸಾಲದು, ರ‍್ಯಾಮ್ ಕೂಡ ಹೊಂದಬೇಕು. ಎಎಂಡಿಯ ಎಎಂ5 ಎಂಬ ಸಾಕೆಟ್ ಇರುವ ಬೋರ್ಡುಗಳಿಗೆ ಡಿಡಿಆರ್5 ಪೀಳಿಗೆಯ ರ‍್ಯಾಮ್ ಮಾತ್ರ ಸರಿಹೊಂದುತ್ತದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನ ಬೋರ್ಡುಗಳಲ್ಲಿ ಕೆಲವು ಹಿಂದಿನ ಪೀಳಿಗೆಯ ಡಿಡಿಆರ್4ಕ್ಕೆ, ಕೆಲವು ಡಿಡಿಆರ್5ಕ್ಕೆ ಮೀಸಲಾಗಿರುವುದರಿಂದ ಮಾದರಿಯ ಹೆಸರನ್ನು ಪೂರ್ತಿಯಾಗಿ ಓದಿಯೇ ಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಹಳೆಯ ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈನ ಕೇಬಲ್‌ಗಳನ್ನು ಹೊಸದಕ್ಕೆ ಬಳಸುವುದು. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಪಿನ್‌ಗಳ ಕ್ರಮಕ್ಕೆ ಏಕರೂಪದ ಮಾನದಂಡವಿಲ್ಲ; ಆದ್ದರಿಂದ ಕೇಬಲ್ ಸಲೀಸಾಗಿ ಕೂತರೂ 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದು, ಹಾರ್ಡ್ ಡಿಸ್ಕ್ ಅಲ್ಲಿನ ದತ್ತಾಂಶದ ಸಮೇತ ಸುಟ್ಟುಹೋಗಬಹುದು. ದಯವಿಟ್ಟು ಪೆಟ್ಟಿಗೆಯಲ್ಲಿ ಬಂದ ಕೇಬಲ್‌ಗಳನ್ನೇ ಬಳಸಿ.

ಮದರ್‌ಬೋರ್ಡನ್ನು ಕೂರಿಸುವ ಮುನ್ನ ಕ್ಯಾಬಿನೆಟ್ಟಿನಲ್ಲಿರುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ಎತ್ತರಿಸಿ ಹಿಡಿಯುವ ಪುಟ್ಟ ಕಂಬಗಳು) ಬೋರ್ಡಿನ ರಂಧ್ರಗಳಿಗೆ ಸರಿಯಾಗಿ ಎದುರಾಗಿವೆಯೇ ಎಂದು ನೋಡಿಕೊಳ್ಳಿ. ಅನಗತ್ಯ ಜಾಗದಲ್ಲಿ ಒಂದು ಉಳಿದರೂ ಶಾರ್ಟ್ ಆಗುವ ಸಂಭವವಿದೆ. ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ನ ತಳದಲ್ಲಿ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುಲಭವಾಗಿ ಕಣ್ಣಿಗೆ ಬೀಳದು. ಅದನ್ನು ತೆಗೆಯದಿದ್ದರೆ ಪ್ರೊಸೆಸರ್ ಕೆಲವೇ ಕ್ಷಣಗಳಲ್ಲಿ ವಿಪರೀತ ಬಿಸಿಯಾಗುತ್ತದೆ.

ನಾಲ್ಕು ಸ್ಲಾಟ್‌ಗಳಿರುವ ಬೋರ್ಡಿಗೆ ಎರಡು ರ‍್ಯಾಮ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳನ್ನು ಬಳಸಬೇಕು. ಆದರೂ ಕೈಪಿಡಿಯ ಚಿತ್ರವೇ ಅಂತಿಮ. ಬಳಿಕ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ರ‍್ಯಾಮ್ ವೇಗದ ಆಯ್ಕೆಯನ್ನು ಚಾಲೂ ಮಾಡದಿದ್ದರೆ, ಹಣ ಕೊಟ್ಟು ಪಡೆದ ವೇಗ ಸಿಗದೆ ರ‍್ಯಾಮ್ ನಿಧಾನಗತಿಯಲ್ಲೇ ಕೆಲಸ ಮಾಡುತ್ತಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಜೋಡಿಸಿ.